ದಿನದ ಅನುಭವವನ್ನು ವಾಕ್ಯದ ಮುಂದಿಟ್ಟು ಓದುವ ಅಭ್ಯಾಸ

ಭಾನುವಾರದ ಆರಾಧನೆಯಲ್ಲಿ ಮನಸ್ಸಿಗೆ ನಾಟಿದ ಪ್ರಸಂಗ ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲಿ ಹೋಗಿರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ನಾನು ಮಂಡ್ಯದಲ್ಲಿ ಒಂದು ಸಣ್ಣ ದಿನಸಿ ಅಂಗಡಿ ನಡೆಸುತ್ತೇನೆ. ಊರಿನಲ್ಲಿ ಅಣ್ಣನ ಜೊತೆ ಪಾಲಾದ ಒಂದಿಷ್ಟು ಗದ್ದೆಯೂ ಇದೆ. ವಾರದ ಆರು ದಿನ ನನ್ನ ಕಣ್ಣೆದುರು ಇರುವುದು ತಕ್ಕಡಿ, ಸಾಲದ ಪುಸ್ತಕ, ಏರಿಳಿಯುವ ಬೇಳೆಯ ಬೆಲೆ, ನಾಲೆಯ ನೀರಿನ ಸರದಿ ಮತ್ತು ಮನೆಯವರ ಕಾಯಿಲೆ. ಸತ್ಯವೇದವೆನ್ನುವ ಬೈಬಲಿನಲ್ಲಿ ಯಾಕೋಬನು ತನ್ನ ಪತ್ರಿಕೆಯ, ಅಂದರೆ ಪತ್ರದ, 1ನೇ ಅಧ್ಯಾಯದಲ್ಲಿ, ದೇವರ ವಾಕ್ಯವನ್ನು ಕೇಳಿಯೂ ಅದರಂತೆ ನಡೆಯದವನನ್ನು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಆಚೆ ಹೋದ ಕೂಡಲೇ ತಾನು ಹೇಗಿದ್ದೆನೆಂಬುದನ್ನು ಮರೆತುಬಿಡುವ ಮನುಷ್ಯನಿಗೆ ಹೋಲಿಸುತ್ತಾನೆ. ಆ ಮನುಷ್ಯ ನಾನೇ ಎಂದು ಒಪ್ಪಿಕೊಂಡ ಮೇಲೆ, ಕನ್ನಡಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲುವುದಕ್ಕಾಗಿ ಒಂದು ಅಭ್ಯಾಸವನ್ನು ರೂಢಿಸಿಕೊಂಡೆ. ದಿನದಲ್ಲಿ ನಡೆದ ಒಂದು ಸಂಗತಿಯನ್ನು ಬರೆದಿಟ್ಟು, ಅದನ್ನು ಸತ್ಯವೇದದ ಒಂದು ಭಾಗದ ಮುಂದಿಟ್ಟು ಓದಿ, ಅದರಿಂದ ತಿಳಿದದ್ದನ್ನು ಮರುದಿನ ಮಾಡುವುದೇ ಆ ಅಭ್ಯಾಸ. ಇತರರೂ ತಮ್ಮ ಮನೆಯಲ್ಲಿ ಇದನ್ನು ಮಾಡಬಹುದಾದ ರೀತಿಯಲ್ಲಿ, ನಾನು ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ವಿವರಿಸುತ್ತಿದ್ದೇನೆ.

ಹೊತ್ತು, ಪುಸ್ತಕ, ಭಾಷೆ

ಮೊದಲು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿದೆ. ಬೆಳಗಿನ ಪ್ರಾರ್ಥನೆಯನ್ನು ಬಿಡಬಾರದು. ಆದರೆ ನಡೆದ ದಿನವನ್ನು ಓದಬೇಕಾದರೆ ದಿನ ಮುಗಿದಿರಬೇಕು. ಆದ್ದರಿಂದ ಈ ಕೆಲಸಕ್ಕೆ ರಾತ್ರಿಯೇ ಸರಿಯೆಂಬುದು ನನ್ನ ಅಭಿಪ್ರಾಯ. ಊಟವಾದ ಮೇಲೆ, ಮಲಗುವ ಮುಂಚೆ, ಇಪ್ಪತ್ತು ನಿಮಿಷ ಸಾಕು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕುಳಿತುಕೊಳ್ಳಿ.

ನೂರು ಹಾಳೆಯ ಒಂದು ಸಾಧಾರಣ ನೋಟ್‌ಬುಕ್ ಇರಲಿ. ಚಂದದ ರಟ್ಟಿನ ಡೈರಿ ತಂದರೆ ಚಂದವಾಗಿಯೇ ಬರೆಯಬೇಕೆಂಬ ಆಸೆ ಹುಟ್ಟುತ್ತದೆ, ಆ ಆಸೆಯೇ ಪ್ರಾಮಾಣಿಕತೆಗೆ ಅಡ್ಡಿಯಾಗುತ್ತದೆ. ನನ್ನದು ಅಂಗಡಿಯಲ್ಲಿ ಸಾಲ ಬರೆಯಲು ಬಳಸುವಂಥದೇ ಉದ್ದನೆಯ ಪುಸ್ತಕ. ಎಡಗಡೆಯ ಪುಟದಲ್ಲಿ ನಡೆದದ್ದು, ಬಲಗಡೆಯ ಪುಟದಲ್ಲಿ ವಾಕ್ಯ ಮತ್ತು ಮಾಡಬೇಕಾದದ್ದು.

ನೀವು ಮನಸ್ಸಿನಲ್ಲಿ ಮಾತಾಡಿಕೊಳ್ಳುವ ಭಾಷೆಯಲ್ಲೇ ಓದಿ. ಇಡೀ ಸತ್ಯವೇದವು 1831ರಲ್ಲಿ ಬಳ್ಳಾರಿಯಲ್ಲಿ ಕನ್ನಡದಲ್ಲಿ ಅಚ್ಚಾಗಿ ಬಂದಂದಿನಿಂದ ನಮ್ಮ ಜನರಿಗೆ ಈ ಭಾಗ್ಯವಿದೆ. ಹಳೆಯ ಅನುವಾದದ ಕನ್ನಡ ಕೆಲವರಿಗೆ ಕಠಿಣವೆನಿಸಬಹುದು. ಹಾಗಿದ್ದರೆ ಸರಳ ಅನುವಾದವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕಥೋಲಿಕ ಮನೆಗಳಲ್ಲಿರುವ ಬೈಬಲಿನಲ್ಲಿ ಯೆಹೋವ ಎಂಬಲ್ಲಿ ಸರ್ವೇಶ್ವರ ಎಂದೂ ಸುವಾರ್ತೆ ಎಂಬಲ್ಲಿ ಶುಭಸಂದೇಶ ಎಂದೂ ಇರುತ್ತದೆ. ಪದಗಳು ಬೇರೆಯಾದ ಮಾತ್ರಕ್ಕೆ ಈ ಅಭ್ಯಾಸಕ್ಕೆ ಯಾವ ತೊಡಕೂ ಆಗುವುದಿಲ್ಲ. ಎಲ್ಲಿಂದ ಓದಬೇಕೆಂದು ತಿಳಿಯದವರು 16 ಅಧ್ಯಾಯಗಳಷ್ಟೇ ಇರುವ ಮಾರ್ಕನ ಸುವಾರ್ತೆಯಿಂದ ಆರಂಭಿಸಬಹುದು. ಜ್ಞಾನೋಕ್ತಿಗಳ ಗ್ರಂಥದಲ್ಲಿ 31 ಅಧ್ಯಾಯಗಳಿರುವುದರಿಂದ, ತಿಂಗಳ ತಾರೀಖಿಗೆ ಸರಿಯಾಗಿ ದಿನಕ್ಕೊಂದು ಅಧ್ಯಾಯ ಓದುವ ರೂಢಿ ಅನೇಕ ಮನೆಗಳಲ್ಲಿದೆ. ವ್ಯಾಪಾರದವರಿಗೆ ಅದು ಬಹಳ ಉಪಯುಕ್ತ.

ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಸೇರಿಸಿ ಬರೆಯಲು ಹೋಗಬೇಡಿ. ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನವೆಂಬ ಆಹಾರವು ಅಂದಂದಿಗೆ ಬೇಕಾದಷ್ಟೇ ಸಿಗುತ್ತಿತ್ತು, ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳಬಿದ್ದು ನಾರಿತು ಎಂದು ವಿಮೋಚನಕಾಂಡದ 16ನೇ ಅಧ್ಯಾಯ ಹೇಳುತ್ತದೆ. ತಪ್ಪಿದ ದಿನವನ್ನು ದೇವರಿಗೆ ಒಪ್ಪಿಸಿ, ಇಂದಿನದನ್ನು ಬರೆಯಿರಿ.

ನಡೆದದ್ದನ್ನು ನಡೆದಂತೆಯೇ ಬರೆಯಿರಿ

ಎಡಗಡೆಯ ಪುಟದಲ್ಲಿ ದಿನದ ಒಂದೇ ಒಂದು ಸಂಗತಿಯನ್ನು ನಾಲ್ಕೈದು ಸಾಲಿನಲ್ಲಿ ಬರೆಯಬೇಕು. ದೊಡ್ಡ ಸಂಗತಿಯೇ ಆಗಬೇಕೆಂದಿಲ್ಲ. ಮನಸ್ಸಿನಲ್ಲಿ ಮತ್ತೆ ಮತ್ತೆ ಚುಚ್ಚುತ್ತಿರುವುದು ಯಾವುದೋ ಅದು. ಯಾರು ಏನು ಹೇಳಿದರು, ನಾನು ಏನು ಮಾಡಿದೆ, ಆಗ ಗಂಟೆ ಎಷ್ಟು ಎಂಬಷ್ಟೇ ಇರಲಿ. ಅವರು ದುರಹಂಕಾರದಿಂದ ಮಾತಾಡಿದರು ಎಂದು ಬರೆಯುವ ಬದಲು ಅವರು ಆಡಿದ ಮಾತನ್ನೇ ಬರೆಯಿರಿ. ವಾಕ್ಯವನ್ನು ಹುಡುಕುವುದಕ್ಕೆ ಮೊದಲೇ ಇದನ್ನು ಬರೆದು ಮುಗಿಸಬೇಕು, ಏಕೆಂದರೆ ವಾಕ್ಯವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ನಡೆದದ್ದನ್ನು ಅದಕ್ಕೆ ಹೊಂದುವಂತೆ ತಿದ್ದಿಬಿಡುತ್ತೇವೆ.

ಒಂದು ಮಳೆಗಾಲದಲ್ಲಿ ನಾನು ಬರೆದದ್ದು ಹೀಗಿತ್ತು: “ತಕ್ಕಡಿಯ ಹಳೆಯ ತಟ್ಟೆ ಸೀಳಿದ್ದರಿಂದ ದಪ್ಪನೆಯ ಸ್ಟೀಲ್ ತಟ್ಟೆ ಇಟ್ಟು ಹದಿನೈದು ದಿನವಾಯಿತು. ಬೆಳಿಗ್ಗೆ ವಿದ್ಯುತ್ ತಕ್ಕಡಿಯ ಸ್ವಿಚ್ ಹಾಕಿದ ಮೇಲೆ ತಟ್ಟೆ ಇಡುತ್ತಿದ್ದೆ, ತಟ್ಟೆಯ ತೂಕ ಕಳೆಯುವ ಗುಂಡಿ ಒತ್ತುತ್ತಿರಲಿಲ್ಲ. ಇಂದು ಸಂಜೆ ಖಾಲಿ ತಟ್ಟೆಯ ಮೇಲೆ 35 ಗ್ರಾಂ ಎಂದು ತೋರಿಸಿದ್ದು ಕಂಡಿತು. ಮಗನಿಗೆ ಹೇಳಲಿಲ್ಲ.” ಈ ಕೊನೆಯ ವಾಕ್ಯವನ್ನು ಬರೆಯುವಾಗ ಕೈ ತಡೆಯಿತು. ಆದರೆ ಆ ಸಂಗತಿಯಲ್ಲಿ ನಿಜವಾಗಿ ಕಲಿಯಬೇಕಾದದ್ದು ಇದ್ದದ್ದು ಆ ಎರಡು ಪದಗಳಲ್ಲಿ. ತಟ್ಟೆಯ ವಿಷಯ ಮರೆವಿನಿಂದ ಆದದ್ದು, ಮಗನಿಗೆ ಹೇಳದಿದ್ದದ್ದು ನಾನು ಬೇಕೆಂದೇ ಮಾಡಿದ್ದು. ನಿಮ್ಮ ಪುಟದಲ್ಲಿಯೂ ಬರೆಯಲು ಸಂಕೋಚವಾಗುವ ಒಂದು ಸಾಲು ಇದ್ದರೆ, ಅದನ್ನು ಬಿಡದೆ ಬರೆದು ಅದರ ಕೆಳಗೆ ಗೆರೆ ಎಳೆಯಿರಿ.

ಭಾಗವನ್ನು ಆರಿಸಿಕೊಳ್ಳುವಾಗ ಹಿಂದೆ ಮುಂದೆ ಓದಬೇಕು

ಬರೆದಾದ ಮೇಲೆ ಆ ಸಂಗತಿಗೆ ಹತ್ತಿರವಾದ ಒಂದು ಭಾಗವನ್ನು ಆರಿಸಿಕೊಳ್ಳಬೇಕು. ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು, ಬೆರಳು ಬಿದ್ದ ವಚನವನ್ನೇ ದೇವರ ಉತ್ತರವೆಂದು ತೆಗೆದುಕೊಳ್ಳುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಅದು ಶಕುನ ಕೇಳುವ ರೀತಿಯಾಗುತ್ತದೆಯೇ ಹೊರತು ವಾಕ್ಯಕ್ಕೆ ಕಿವಿಗೊಟ್ಟಂತಾಗುವುದಿಲ್ಲ. ದಿನನಿತ್ಯ ಕ್ರಮವಾಗಿ ಓದುತ್ತಿರುವವರಿಗೆ ಯಾವುದೋ ಒಂದು ಕಥೆ ತಾನಾಗಿಯೇ ನೆನಪಿಗೆ ಬರುತ್ತದೆ; ಬಾರದಿದ್ದರೆ ಸತ್ಯವೇದದ ಪದಕೋಶವನ್ನು ನೋಡಬಹುದು, ಇಲ್ಲವೇ ಸಭೆಯ ಹಿರಿಯರನ್ನು ಕೇಳಬಹುದು.

ಒಂದು ವಚನ ಸಿಕ್ಕಿದಾಗ ಅಲ್ಲಿಗೇ ನಿಲ್ಲದೆ ಆ ಅಧ್ಯಾಯವನ್ನೆಲ್ಲ ಓದಲೇಬೇಕು. ಬಲಪಡಿಸುವಾತನಲ್ಲಿದ್ದುಕೊಂಡು ನಾನು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 13ನೇ ವಚನವನ್ನು ಪರೀಕ್ಷೆಗೆ ಹೋಗುವ ಮಕ್ಕಳಿಗೂ ಹೊಸ ವ್ಯಾಪಾರ ತೆರೆಯುವವರಿಗೂ ಹೇಳಿಕಳಿಸುತ್ತೇವೆ. ಅದರ ಹಿಂದಿನ ಎರಡು ವಚನಗಳಲ್ಲಿ ಆ ಪತ್ರಿಕೆಯನ್ನು ಬರೆದ ಪೌಲನು ಹೇಳುತ್ತಿರುವುದು ಮಾತ್ರ, ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ, ಸಮೃದ್ಧಿಯಲ್ಲಿಯೂ ಕೊರತೆಯಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆನೆಂದು. ಆತನು ಅದನ್ನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಅಂಗಡಿಗೆ ನಿರೀಕ್ಷಿಸಿದಷ್ಟು ವ್ಯಾಪಾರವಾಗದ ದಿನ ಆ ವಚನ ನನಗೆ ನಿಜವಾಗಿ ಬೇಕಾಗುತ್ತದೆ ಎಂಬುದು, ಹಿಂದಿನ ವಚನಗಳನ್ನು ಓದಿದ ಮೇಲೆಯೇ ನನಗೆ ತಿಳಿದದ್ದು.

ಯೆರೆಮೀಯನ 29ನೇ ಅಧ್ಯಾಯದ 11ನೇ ವಚನವೂ ಹಾಗೆಯೇ. ನಿಮಗೆ ಗತಿಯಾಗಲಿ ನಿರೀಕ್ಷೆಯಿರಲಿ ಎಂಬ ದೇವರ ಯೋಚನೆಯ ಆ ಮಾತು, ಬಾಬೆಲಿಗೆ ಸೆರೆಯಾಗಿ ಒಯ್ಯಲ್ಪಟ್ಟ ಜನರಿಗೆ ಯೆರೂಸಲೇಮಿನಿಂದ ಬರೆದು ಕಳಿಸಿದ ಪತ್ರದಲ್ಲಿದೆ. ಬಿಡುಗಡೆಗೆ 70 ವರ್ಷ ಕಾಯಬೇಕೆಂದು ಅದರ ಹಿಂದಿನ ವಚನವೇ ತಿಳಿಸುತ್ತದೆ. ಅಲ್ಲಿಯವರೆಗೆ ಆ ಪರದೇಶದ ಊರಿನಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದೂ ಅದೇ ಪತ್ರ ಹೇಳುತ್ತದೆ. ನಾಳೆಯೇ ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಬೇಕಿದ್ದವನಿಗೆ ಇದು ಸಿಹಿಯಲ್ಲದ ಉತ್ತರ. ಆದರೆ ಬೇಗ ಸರಿಹೋಗದ ಕಷ್ಟದಲ್ಲಿರುವವರಿಗೆ ಇದಕ್ಕಿಂತ ಗಟ್ಟಿಯಾದ ಆಸರೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕಥೆಯಲ್ಲಿ ನಾನು ಯಾರು?

ಈ ಅಭ್ಯಾಸದಲ್ಲಿ ನಾನು ಹೆಚ್ಚು ಎಡವಿದ್ದು ಈ ಜಾಗದಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಮ್ಮ ಊರಿನ ಗದ್ದೆಗೆ ನೀರು ಬರುವುದು ವಿಶ್ವೇಶ್ವರಯ್ಯ ನಾಲೆಯಿಂದ. 1911ರಲ್ಲಿ ಕಟ್ಟಲು ಆರಂಭಿಸಿದ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂಬುದನ್ನು ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡಿ, ಆಮೇಲೆ ಮಿಕ್ಕ ಸುದ್ದಿ ಓದುವುದು ಮಂಡ್ಯದ ಕಡೆಯ ರೈತರ ರೂಢಿ. ಕಟ್ಟೆ ತುಂಬದ ವರ್ಷ ನಾಲೆಗೆ ಸದಾಕಾಲ ನೀರಿರುವುದಿಲ್ಲ. ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಹರಿಸುತ್ತಾರೆ. ಅಂಥ ಒಂದು ವರ್ಷ ನಾಟಿಯ ಸಮಯದಲ್ಲಿ ನನಗೂ ಅಣ್ಣನಿಗೂ ಮಾತು ಬೆಳೆದು, ಮೂರು ತಿಂಗಳು ಮಾತೇ ನಿಂತುಹೋಯಿತು. ನನ್ನ ಸರದಿಯ ನೀರನ್ನು ಅವನು ತಿರುಗಿಸಿಕೊಂಡನೆಂಬುದು ನನ್ನ ದೂರು.

ಆ ರಾತ್ರಿ ನಾನು ಆರಿಸಿಕೊಂಡದ್ದು ಆದಿಕಾಂಡದ 26ನೇ ಅಧ್ಯಾಯವನ್ನು. ಇಸಾಕನ ಆಳುಗಳು ಗೆರಾರಿನ ತಗ್ಗಿನಲ್ಲಿ ಬಾವಿ ತೋಡಿದಾಗ ಆ ಊರಿನ ಕುರುಬರು ಬಂದು, ನೀರು ನಮ್ಮದು ಎಂದು ಜಗಳವಾಡುತ್ತಾರೆ. ಇಸಾಕನು ಆ ಬಾವಿಗೆ ಜಗಳ ಎಂಬರ್ಥದ ಏಸೆಕ್ ಎಂಬ ಹೆಸರಿಟ್ಟು ಬಿಟ್ಟುಹೋಗುತ್ತಾನೆ. ಎರಡನೆಯ ಬಾವಿಗೂ ಜಗಳವಾದಾಗ ಅದಕ್ಕೆ ಹಗೆತನ ಎಂಬರ್ಥದ ಸಿಟ್ನಾ ಎಂದು ಹೆಸರಿಡುತ್ತಾನೆ. ಮೂರನೆಯದಕ್ಕೆ ಯಾರೂ ತಕರಾರು ಮಾಡದಿದ್ದಾಗ, ದೇವರು ನಮಗೆ ಸ್ಥಳ ಕೊಟ್ಟರೆಂದು ಅದನ್ನು ರೆಹೋಬೋತ್ ಎಂದು ಕರೆಯುತ್ತಾನೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಾನೇ ಇಸಾಕನೆಂದೂ ಅಣ್ಣನು ಗೆರಾರಿನ ಕುರುಬನೆಂದೂ ಬಲಗಡೆಯ ಪುಟದಲ್ಲಿ ಬರೆದು, ತಾಳ್ಮೆಯಿಂದ ಬಿಟ್ಟುಕೊಟ್ಟಿದ್ದಕ್ಕಾಗಿ ದೇವರನ್ನು ಸ್ತುತಿಸಿ ಮಲಗಿದೆ.

ಕೆಲವು ದಿನಗಳ ನಂತರ ಊರಿನ ನೀರುಗಂಟಿ ಅಂಗಡಿಗೆ ಬಂದಾಗ ಮಾತಿನ ನಡುವೆ, “ನಿಮ್ಮ ಸರದಿ ಬುಧವಾರ ರಾತ್ರಿಯಿಂದ ಕಣಣ್ಣ, ನೀವು ಮಂಗಳವಾರವೇ ತೂಬು ಎತ್ತಿದ್ರಿ” ಎಂದರು. ಲೆಕ್ಕ ಹಾಕಿ ನೋಡಿದಾಗ ಅವರ ಮಾತೇ ಸರಿಯಾಗಿತ್ತು. ನಾನು ದಿನ ತಪ್ಪಿ ತಿಳಿದು, ಅಣ್ಣನ ಪಾಲಿನ ನೀರನ್ನು ಒಂದು ರಾತ್ರಿ ಪೂರ್ತಿ ನನ್ನ ಗದ್ದೆಗೆ ಹರಿಸಿಕೊಂಡಿದ್ದೆ. ಅವನು ಮರುದಿನ ಅದನ್ನು ಸರಿಮಾಡಿಕೊಂಡಿದ್ದನಷ್ಟೆ. ಕಥೆಯಲ್ಲಿದ್ದ ಕುರುಬ ನಾನಾಗಿದ್ದೆ.

ಆ ರಾತ್ರಿ ಸಮುವೇಲನ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ತೆರೆದೆ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆಯನ್ನು ಪ್ರವಾದಿಯಾದ ನಾತಾನನು ಹೇಳಿದಾಗ, ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ ಅರಸ ದಾವೀದನು ಕೋಪದಿಂದ ಕುದಿದು, ಹಾಗೆ ಮಾಡಿದವನಿಗೆ ಮರಣವೇ ತಕ್ಕದ್ದು ಎನ್ನುತ್ತಾನೆ. ಆ ಮನುಷ್ಯನು ನೀನೇ ಎಂದು ನಾತಾನನು ಹೇಳುವವರೆಗೆ ದಾವೀದನಿಗೆ ತನ್ನ ಗುರುತು ಸಿಗುವುದಿಲ್ಲ. ದೇವರ ಹೃದಯಕ್ಕೆ ಒಪ್ಪುವವನೆನಿಸಿಕೊಂಡ ಅರಸನಿಗೇ ಕಥೆಯಲ್ಲಿ ತಾನು ಯಾರೆಂದು ತಿಳಿಯದಿದ್ದ ಮೇಲೆ, ನಮಗೆ ತಾನಾಗಿ ತಿಳಿಯುತ್ತದೆಂದು ನಂಬುವುದು ಹೇಗೆ?

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಯಾವ ಭಾಗವನ್ನು ಓದಿದರೂ ಅದರಲ್ಲಿ ಬರುವ ಎಲ್ಲರ ಹೆಸರನ್ನೂ ಬರೆದು, ಒಬ್ಬೊಬ್ಬರ ಜಾಗದಲ್ಲಿಯೂ ನಿಮ್ಮನ್ನು ಇಟ್ಟು ನೋಡಿ; ಯಾವ ಜಾಗದಲ್ಲಿ ನಿಲ್ಲಲು ಮನಸ್ಸು ಒಪ್ಪುವುದಿಲ್ಲವೋ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ತಪ್ಪಿಹೋದ ಮಗನ ಕಥೆಯನ್ನು ಓದಿ ಎಲ್ಲರೂ ಹಿಂದಿರುಗಿದ ಮಗನೇ ಆಗುತ್ತಾರೆ, ಆದರೆ ಮನೆಯೊಳಕ್ಕೆ ಬರಲೊಲ್ಲದೆ ಹೊಲದಿಂದ ಬಂದು ಹೊರಗೇ ನಿಂತ ಹಿರಿಯ ಮಗನಿಗೂ ತಂದೆ ಹೊರಗೆ ಬಂದು ಬೇಡಿಕೊಂಡನೆಂಬುದನ್ನು ಲೂಕನು 15ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಇನ್ನೊಬ್ಬರ ತಪ್ಪನ್ನು ತೋರಿಸಲು ವಾಕ್ಯ ಬಹಳ ಸುಲಭವಾಗಿ ಸಿಕ್ಕಿತೆಂದರೆ, ಆ ದಿನದ ಓದು ಇನ್ನೂ ಮುಗಿದಿಲ್ಲ ಎಂದು ತಿಳಿಯಬೇಕು.

ಅಣ್ಣನ ವಿಷಯದಲ್ಲಿ ಮುಂದೆ ಮಾಡಬೇಕಾದದ್ದನ್ನು ಮತ್ತಾಯನ 5ನೇ ಅಧ್ಯಾಯದ 23 ಮತ್ತು 24ನೇ ವಚನಗಳು ತೋರಿಸಿದವು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸುಸ್ವಾಮಿ ಹೇಳುತ್ತಾರೆ. ಅವನ ಮೇಲೆ ನನಗೆ ಏನಿದೆ ಎಂದಲ್ಲ, ನನ್ನ ಮೇಲೆ ಅವನಿಗೆ ಏನಿದೆ ಎಂಬುದೇ ಅಲ್ಲಿನ ಪ್ರಶ್ನೆ. ಶನಿವಾರ ಮಧ್ಯಾಹ್ನ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಊರಿಗೆ ಹೋದೆ. ಅಣ್ಣ ಬದುವಿನ ಮೇಲೆ ನಿಂತಿದ್ದ. “ಅಣ್ಣಯ್ಯ, ಮಂಗಳವಾರ ರಾತ್ರಿ ನೀರು ತಿರುಗಿಸಿದ್ದು ನಾನು, ತಪ್ಪು ನಂದೇ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಅವತ್ತೇ ಗೊತ್ತಿತ್ತು ಬಾ, ಊಟ ಮಾಡೋಣ” ಎಂದ. ತಪ್ಪನ್ನು ಒಪ್ಪಿಕೊಳ್ಳಲು ಹೋಗುವವರು ಇಷ್ಟನ್ನೇ ಹೇಳಬೇಕು: ಏನು ಮಾಡಿದೆ ಎಂಬುದನ್ನು ಒಂದು ವಾಕ್ಯದಲ್ಲಿ, “ಆದರೆ” ಎಂಬ ಪದವಿಲ್ಲದೆ.

ಪಾಠಕ್ಕೆ ಒಂದು ಹೆಸರು, ಒಂದು ಕೆಲಸ, ಒಂದು ದಿನ

ಬಲಗಡೆಯ ಪುಟದ ಕೆಳಭಾಗದಲ್ಲಿ ಬರೆಯಬೇಕಾದದ್ದು ಇದು. ತಕ್ಕಡಿಯ ರಾತ್ರಿ ನಾನು ಮೊದಲು ಬರೆದ ಪಾಠ “ವ್ಯಾಪಾರದಲ್ಲಿ ಪ್ರಾಮಾಣಿಕನಾಗಿರಬೇಕು” ಎಂದಿತ್ತು. ಮರುದಿನ ಓದಿದಾಗ ಅದರಿಂದ ಯಾರಿಗೂ ಒಂದು ಕಾಳೂ ಹಿಂದಿರುಗುವುದಿಲ್ಲವೆಂದು ಕಂಡಿತು. ಆದ್ದರಿಂದ ಪಾಠವನ್ನು ಬರೆಯುವಾಗ ಯಾರಿಗೆ, ಏನು, ಯಾವಾಗ ಎಂಬ ಮೂರೂ ಇರಬೇಕು.

ತಕ್ಕಡಿಯ ವಿಷಯದಲ್ಲಿ ಸತ್ಯವೇದ ಬಹಳ ಸ್ಪಷ್ಟವಾಗಿದೆ. ನ್ಯಾಯವಾದ ತಕ್ಕಡಿ, ನ್ಯಾಯವಾದ ಕಲ್ಲು ಇರಬೇಕೆಂದು ಯಾಜಕಕಾಂಡ 19ನೇ ಅಧ್ಯಾಯ ಆಜ್ಞಾಪಿಸುತ್ತದೆ. ಚೀಲದಲ್ಲಿ ಹೆಚ್ಚು ಕಡಿಮೆಯ ಎರಡು ಬಗೆಯ ಕಲ್ಲುಗಳಿರಬಾರದೆಂದು ಧರ್ಮೋಪದೇಶಕಾಂಡ 25ನೇ ಅಧ್ಯಾಯ ಹೇಳುತ್ತದೆ. ಅಳತೆಯನ್ನು ಕಿರಿದುಮಾಡಿ ಬಡವರಿಗೆ ಮಾರುವುದಕ್ಕೆ ಹಬ್ಬ ಯಾವಾಗ ಮುಗಿಯುತ್ತದೋ ಎಂದು ಕಾಯುವ ವ್ಯಾಪಾರಿಗಳನ್ನು ಆಮೋಸನು 8ನೇ ಅಧ್ಯಾಯದಲ್ಲಿ ಗದರಿಸುತ್ತಾನೆ. ಆಗಿಹೋದ ನಷ್ಟವನ್ನು ಹೇಗೆ ತುಂಬಿಕೊಡಬೇಕೆಂಬುದಕ್ಕೂ ದಾರಿಯಿದೆ: ಅನ್ಯಾಯವಾಗಿ ಪಡೆದದ್ದನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6ನೇ ಅಧ್ಯಾಯದಲ್ಲಿದೆ. ಜಕ್ಕಾಯನು ಸುಂಕ ವಸೂಲಿಯಲ್ಲಿ ಅನ್ಯಾಯ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದು ತಾನಾಗಿಯೇ ಹೇಳಿದ.

ನಾನು ಮಾಡಿದ್ದು ಹೀಗೆ. ಮೊದಲು ಮಗನಿಗೆ ಹೇಳಿದೆ. ಆ ಮೇಲೆ ಸಾಲದ ಪುಸ್ತಕ ತೆಗೆದು, ಆ ಹದಿನೈದು ದಿನದಲ್ಲಿ ಯಾವ ಮನೆಯವರು ಬಿಡಿಯಾಗಿ ಅಕ್ಕಿ, ರಾಗಿ, ತೊಗರಿಬೇಳೆ, ಬೆಲ್ಲವನ್ನು ಎಷ್ಟು ಸಲ ತೂಗಿಸಿಕೊಂಡಿದ್ದರೆಂದು ಎಣಿಸಿದೆವು. ಒಂದು ತೂಕಕ್ಕೆ 35 ಗ್ರಾಂ ಕೊರತೆ, ಅದರ ಐದನೆಯ ಪಾಲು 7 ಗ್ರಾಂ. ಒಟ್ಟು 42 ಗ್ರಾಂ. ಅದರ ಬೆಲೆಯನ್ನು ಪ್ರತಿಯೊಂದು ಮನೆಯ ಲೆಕ್ಕದಿಂದ ಕಳೆದು, ಮುಂದಿನ ಸಲ ಬಂದಾಗ ಕಾರಣ ಹೇಳಿ ಪುಟ ತೋರಿಸಿದೆವು. ಕೈಯಲ್ಲಿ ಹಣ ಕೊಟ್ಟು ಹೋದವರ ಹೆಸರು ನಮ್ಮಲ್ಲಿರಲಿಲ್ಲ. ಅದಕ್ಕಾಗಿ ಅಂಗಡಿಯ ಮುಂದೆ ಒಂದು ಹಲಗೆಯಲ್ಲಿ ಆದ ತಪ್ಪನ್ನು ಬರೆದು, ಹದಿನೈದು ದಿನ ಪ್ರತಿ ತೂಕಕ್ಕೂ 50 ಗ್ರಾಂ ಹೆಚ್ಚಾಗಿ ಹಾಕಿದೆವು. ಒಬ್ಬ ಅಜ್ಜಿ, “ಇಷ್ಟಕ್ಕೆಲ್ಲ ಯಾಕಪ್ಪ ಬೋರ್ಡು” ಎಂದರು. ಇನ್ನೊಬ್ಬರು ಆಮೇಲೆ ನಮ್ಮ ಅಂಗಡಿಗೆ ಬರುವುದನ್ನೇ ಬಿಟ್ಟರು. ಎರಡೂ ಆಗಬಹುದೆಂದು ತಿಳಿದೇ ಈ ಕೆಲಸಕ್ಕೆ ಕೈಹಾಕಬೇಕು.

ನಿಮ್ಮ ಕೆಲಸ ಬೇರೆಯಾಗಿರಬಹುದು. ಶಾಲೆಯಲ್ಲಿ ಪಾಠ ಹೇಳುವವರಿಗೆ ತಕ್ಕಡಿ ಎಂದರೆ ಅಂಕ ಹಾಕುವ ಕೈ. ಆಲೆಮನೆ ನಡೆಸುವವರಿಗೆ ಕೂಲಿಯವರ ಹಾಜರಿ ಪುಸ್ತಕ. ಮನೆಯಲ್ಲಿರುವವರಿಗೆ ಇಬ್ಬರು ಸೊಸೆಯಂದಿರ ನಡುವೆ ಹಂಚುವ ಮಾತು.

ಪಾಠ ಹುಡುಕಬಾರದ ದಿನಗಳು

ಎಲ್ಲ ಅನುಭವದಿಂದಲೂ ಅದೇ ದಿನ ಪಾಠ ಹಿಂಡಬೇಕೆಂಬ ಹಟ ಒಳ್ಳೆಯದಲ್ಲ. ನಮ್ಮ ತಾಯಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗ, ಹೊರಗಿನ ಬೆಂಚಿನ ಮೇಲೆ ಕುಳಿತ ನನ್ನ ಹತ್ತಿರ ಬಂದವರಲ್ಲಿ ಅನೇಕರು, ಇದರ ಮೂಲಕ ದೇವರು ನಿನಗೆ ಏನೋ ಕಲಿಸುತ್ತಿದ್ದಾರೆ ಎಂದು ಹೇಳಿ ಹೋದರು. ಅವರು ಪ್ರೀತಿಯಿಂದಲೇ ಹೇಳಿದ್ದರು. ಆದರೆ ಕಷ್ಟಕ್ಕೆ ಸಿಕ್ಕಿದ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಾಗ ಸರಿಯಾಗಿಯೇ ಇದ್ದರು, ಕಾರಣ ವಿವರಿಸಲು ಬಾಯಿ ತೆರೆದ ಮೇಲೆ ದೇವರ ಕೋಪಕ್ಕೆ ಗುರಿಯಾದರು ಎಂಬುದನ್ನು ಆ ಗ್ರಂಥದ 2 ಮತ್ತು 42ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ತಿಳಿಯುತ್ತದೆ.

ಅಂಥ ದಿನಗಳಲ್ಲಿ ಎಡಗಡೆಯ ಪುಟವನ್ನು ಮಾತ್ರ ಬರೆಯಿರಿ. ಬಲಗಡೆಯಲ್ಲಿ ಸತ್ಯವೇದದ ಕೀರ್ತನೆಗಳ ಗ್ರಂಥದಿಂದ ಒಂದು ಕೀರ್ತನೆಯನ್ನು ನೋಡಿ ಬರೆದುಕೊಳ್ಳಿ. 13ನೇ ಕೀರ್ತನೆಯಲ್ಲಿ ಎಷ್ಟರವರೆಗೆ ಎಂಬ ಕೂಗು ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. ಅದು ಕೊನೆಗೆ ಭರವಸೆಯ ಮಾತಿನಲ್ಲಿ ಮುಗಿಯುತ್ತದೆ. 88ನೇ ಕೀರ್ತನೆಯು ಅಷ್ಟೂ ಬೆಳಕಿಲ್ಲದೆ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತಮ್ಮ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆಂಬುದು ಆ ಬೆಂಚಿನ ಮೇಲೆ ನನಗೆ ದೊರೆತ ಸಮಾಧಾನ. ಸತ್ತಿದ್ದ ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಯೇಸುಸ್ವಾಮಿ ಮೊದಲು ಕಣ್ಣೀರಿಟ್ಟರು.

ಆ ಹನ್ನೊಂದು ದಿನವೂ ಸಂಜೆ ಐದರ ಬಸ್ಸಿನಲ್ಲಿ ಗಂಜಿಯ ಕ್ಯಾರಿಯರ್ ಹಿಡಿದು ಬರುತ್ತಿದ್ದವರು ನಮ್ಮ ಪಕ್ಕದ ಮನೆಯ ತಾಯಿ. ಅವರು ನಮ್ಮ ಸಭೆಯವರಲ್ಲ. ಸಂಕ್ರಾಂತಿಗೆ ತಪ್ಪದೆ ಎಳ್ಳುಬೆಲ್ಲ ತಂದುಕೊಡುವ ಮನೆಯವರು. ಎಷ್ಟೋ ತಿಂಗಳ ನಂತರ ಲೂಕನ 10ನೇ ಅಧ್ಯಾಯವನ್ನು ಮತ್ತೆ ಓದುವಾಗ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ನಾನು ಯಾವಾಗಲೂ ಸಹಾಯ ಮಾಡುವವನ ಜಾಗದಲ್ಲೇ ನಿಲ್ಲುತ್ತಿದ್ದೆನೆಂಬುದು ಹೊಳೆಯಿತು. ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನು ನಾನು, ಕತ್ತೆಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದವರು ಆ ತಾಯಿ. ಆ ಪಾಠ ಬರಲು ಏಳು ತಿಂಗಳು ಬೇಕಾಯಿತು. ಆಸ್ಪತ್ರೆಯ ದಿನಗಳ ಬಲಗಡೆಯ ಪುಟಗಳಲ್ಲಿ ಕೀರ್ತನೆಯ ಕೆಳಗೆ ಖಾಲಿ ಬಿಟ್ಟಿದ್ದರಿಂದಲೇ ಅದನ್ನು ಬರೆಯಲು ಅಲ್ಲಿ ಜಾಗವಿತ್ತು.

ಬೇರೆಯವರೊಂದಿಗೆ ಹಂಚಿಕೊಳ್ಳುವಾಗ

ಕುಟುಂಬ ಪ್ರಾರ್ಥನೆಯಲ್ಲಿ ವಾರಕ್ಕೊಮ್ಮೆ ಒಂದು ಪುಟವನ್ನು ಓದಿ ಹೇಳುವುದು ಮಕ್ಕಳಿಗೆ ಬಹಳ ಒಳ್ಳೆಯದು. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಈ ಮಾತುಗಳನ್ನು ಮಕ್ಕಳಿಗೆ ಹೇಳಬೇಕೆಂದು ಧರ್ಮೋಪದೇಶಕಾಂಡ 6ನೇ ಅಧ್ಯಾಯ ತಿಳಿಸುತ್ತದೆ. ತಂದೆ ತಾಯಿ ತಾವು ಗೆದ್ದ ಪುಟಗಳಿಗಿಂತ ತಿದ್ದಿಕೊಂಡ ಪುಟಗಳನ್ನೇ ಓದಬೇಕು. ಮಕ್ಕಳ ತಪ್ಪನ್ನು ಎತ್ತಿ ಆಡುವುದಕ್ಕೆ ಮಾತ್ರ ಈ ಪುಸ್ತಕವನ್ನು ಎಂದೂ ಬಳಸಬೇಡಿ.

ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ನಡೆಸಿದ ಅನುಭವ, ಹೇಳುವಾಗ ಇನ್ನೂ ಎಚ್ಚರ ಬೇಕು. ನಿಮ್ಮ ಅನುಭವದಲ್ಲಿ ಇನ್ನೊಬ್ಬರಿದ್ದರೆ ಆ ಕಥೆ ಅರ್ಧ ಅವರದು. ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಹೇಳಿ. ಅಣ್ಣನ ವಿಷಯವನ್ನು ಇಲ್ಲಿ ಬರೆಯುವ ಮುಂಚೆ ನಾನು ಅವನನ್ನು ಕೇಳಿದ್ದೇನೆ. ಸಹೋದರನು ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ಹೇಳು ಎಂಬ ಮತ್ತಾಯ 18ನೇ ಅಧ್ಯಾಯದ ಮಾತನ್ನು, ಸಾಕ್ಷಿಯ ಹೆಸರಿನಲ್ಲಿ ಮೈಕಿನ ಮುಂದೆ ಮೀರುವುದನ್ನು ನಾನು ನೋಡಿದ್ದೇನೆ. ಕೊಟ್ಟ ದಾನ, ಮಾಡಿದ ಉಪಕಾರಗಳನ್ನು ಹೇಳದಿರುವುದೇ ಲೇಸು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಕರ್ತನೇ ಹೇಳಿದ್ದಾರೆ.

ತಿಂಗಳ ಕೊನೆಯಲ್ಲಿ

ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಪುಸ್ತಕವನ್ನು ಮೊದಲಿನಿಂದ ತಿರುವಿಹಾಕಿ. ಮಾಡಿ ಮುಗಿಸಿದ ಕೆಲಸಗಳ ಮುಂದೆ ಒಂದು ಗುರುತು ಹಾಕಿ. ಮಾಡದೆ ಉಳಿದವನ್ನು, ಸಾಲದ ಬಾಕಿಯನ್ನು ಹೊಸ ಪುಟಕ್ಕೆ ಎತ್ತಿ ಬರೆಯುವಂತೆ, ಮುಂದಿನ ತಿಂಗಳ ಮೊದಲ ಪುಟಕ್ಕೆ ತನ್ನಿ. ಅದೇ ತಪ್ಪು ಮೂರು ತಿಂಗಳು ಸತತವಾಗಿ ಬರೆಯಲ್ಪಟ್ಟಿದ್ದರೆ ಒಬ್ಬರೇ ಹೋರಾಡುವುದನ್ನು ಬಿಟ್ಟು, ಸಭಾಪಾಲಕರಲ್ಲಿಯೋ ನಂಬಿಗಸ್ತರಾದ ಹಿರಿಯರಲ್ಲಿಯೋ ಆ ಪುಟವನ್ನು ತೆರೆದು ತೋರಿಸಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ 5ನೇ ಅಧ್ಯಾಯ ಹೇಳುವುದು ಇಂಥ ಸಂದರ್ಭಕ್ಕಾಗಿಯೇ.

ನನ್ನ ಪುಸ್ತಕದಲ್ಲಿ ಈಗ ಎರಡು ಬಾಕಿಗಳಿವೆ. ಹಲಗೆ ನೋಡಿ ಅಂಗಡಿ ಬಿಟ್ಟವರ ಮನೆಗೆ ಹೋಗಿ ಒಂದು ಮಾತಾಡುವುದು ಮೊದಲನೆಯದು. ಹೋದಾಗ ಎರಡು ಸಲ ಬಾಗಿಲು ಹಾಕಿತ್ತು. ಪಕ್ಕದ ಮನೆಯ ತಾಯಿಯ ಮೊಣಕಾಲಿನ ಚಿಕಿತ್ಸೆ ಮುಂದಿನ ವಾರ ಮೈಸೂರಿನಲ್ಲಿದೆ. ಸಂಜೆ ಐದರ ಬಸ್ಸಿಗೆ ಗಂಜಿಯ ಕ್ಯಾರಿಯರ್ ಹಿಡಿದು ಹೊರಡುವುದು ಈಗ ನಮ್ಮ ಮನೆಯವರ ಸರದಿ.